ಮಿಕ್ಕ ವಿದ್ಯುತ್ತಿನ ಕಥೆ

ದೂರಸಂಚಾರಕ್ಕೆಂದು ನಿರ್ಮಿತವಾದ ಈಗಿನ ಯಾವ ಮೋಟಾರು ಸೈಕಲ್ಲನ್ನು ನೋಡಿದರೂ ಹ್ಯಾಂಡಲ್ಲಿನ ಸಮೀಪದಲ್ಲಿ, ರಬ್ಬರಿನ ಮುಚ್ಚಳವೊಂದರ ಮರೆಯಲ್ಲಿ, ಒಂದು ಸಣ್ಣ ವಿದ್ಯುತ್ ಸಾಕೆಟ್ಟು ಕಣ್ಣಿಗೆ ಬೀಳುತ್ತದೆ. ಕಾರ್ಖಾನೆಯವರು ಅದನ್ನು ಕೊಡದಿದ್ದ ಪಕ್ಷದಲ್ಲಿ ಸವಾರನು ಗಾಡಿ ಮನೆಗೆ ಬಂದ ಕೆಲವೇ ದಿನಗಳಲ್ಲಿ ಆಟೊ ಎಲೆಕ್ಟ್ರಿಷಿಯನ್ನನ ಅಂಗಡಿಗೆ ಹೋಗಿ ಅದನ್ನು ಹಾಕಿಸಿಕೊಂಡು ಬರುತ್ತಾನೆ. ಮೊಬೈಲು, ದಾರಿ ತೋರಿಸುವ ಯಂತ್ರ, ಟೈರಿಗೆ ಗಾಳಿ ತುಂಬುವ ಪುಟ್ಟ ಪಂಪು, ಚಳಿನಾಡಿನವರಾದರೆ ಮೈ ಬೆಚ್ಚಗಿಡುವ ತಂತಿಯ ಅಂಗಿ, ಇವೆಲ್ಲವೂ ಆ ಒಂದು ರಂಧ್ರದಿಂದಲೇ ಜೀವ ಪಡೆಯುತ್ತವೆ. ಖರ್ಚು ಕೆಲವು ನೂರು ರೂಪಾಯಿ. ಬಲ್ಲವನಿಗೆ ಒಂದು ಗಂಟೆಯ ಕೆಲಸ. ಇಷ್ಟು ಅಲ್ಪವೆಂದು ತೋರುವ ಈ ಸೌಕರ್ಯವು ಮೋಟಾರು ಸೈಕಲ್ಲು ಜನಿಸಿ ಸುಮಾರು 80 ವರ್ಷಗಳು ಕಳೆಯುವ ತನಕ ಅಸಾಧ್ಯಪ್ರಾಯವಾಗಿತ್ತೆಂಬುದನ್ನು ಈಗಿನವರು ನಂಬಲಾರರು. ಸಾಕೆಟ್ಟನ್ನು ಮಾಡಲು ಯಾರಿಗೂ ಬಾರದೆ ಇರಲಿಲ್ಲ. ಅದಕ್ಕೆ ಹರಿಸಲು ವಿದ್ಯುತ್ತೇ ಮಿಗುತ್ತಿರಲಿಲ್ಲ. ಆದಕಾರಣ ಈ ಸಣ್ಣ ರಂಧ್ರದ ಚರಿತ್ರೆಯನ್ನು ಹೇಳಹೊರಟವನು ಯಂತ್ರವೊಂದು ತನ್ನ ಸ್ವಂತ ಅಗತ್ಯಗಳನ್ನೆಲ್ಲ ತೀರಿಸಿಕೊಂಡು ಸವಾರನಿಗಾಗಿ ಒಂದಿಷ್ಟನ್ನು ಉಳಿಸಲು ಹೇಗೆ ಶಕ್ತವಾಯಿತೆಂಬುದನ್ನೇ ಮೊದಲು ಹೇಳಬೇಕಾಗುತ್ತದೆ.

ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬಾಕ್ ಎಂಬಿಬ್ಬರು 1885ರಲ್ಲಿ ಮರದ ಚೌಕಟ್ಟಿನ ಮೇಲೆ ಎಂಜಿನ್ನನ್ನಿಟ್ಟು ಓಡಿಸಿದ ವಾಹನವನ್ನು ಮೋಟಾರು ಸೈಕಲ್ಲುಗಳ ಮೂಲಪುರುಷನೆಂದು ಎಣಿಸುವುದು ರೂಢಿ. ಅದರಲ್ಲಿ ವಿದ್ಯುತ್ತಿನ ಸುಳಿವೇ ಇರಲಿಲ್ಲ. ಸಣ್ಣ ಜ್ವಾಲೆಯಿಂದ ಸದಾ ಕೆಂಪಗೆ ಕಾಯ್ದಿರುತ್ತಿದ್ದ ಒಂದು ಕೊಳವೆಯೇ ಪೆಟ್ರೋಲಿನ ಆವಿಯನ್ನು ಹೊತ್ತಿಸುತ್ತಿತ್ತು. ಅನಂತರ ಬಂದ ಗಾಡಿಗಳಲ್ಲಿ ಬ್ಯಾಟರಿಯಿಂದ ಕಿಡಿಯನ್ನು ಹುಟ್ಟಿಸುವ ಕ್ರಮ ಪ್ರಚಾರಕ್ಕೆ ಬಂದಿತಾದರೂ, ಆ ಬ್ಯಾಟರಿಯನ್ನು ಮತ್ತೆ ತುಂಬುವ ಸಾಧನ ಗಾಡಿಯ ಮೇಲೆ ಇರಲಿಲ್ಲವಾಗಿ, ಅದು ಬರಿದಾದೊಡನೆ ಪ್ರಯಾಣವೂ ಮುಗಿಯುತ್ತಿತ್ತು. ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ 1897ರಲ್ಲಿ ಮ್ಯಾಗ್ನೆಟೊ ಎಂಬ ಉಪಕರಣವನ್ನು ವಾಹನದ ಎಂಜಿನ್ನಿಗೆ ಹೊಂದಿಸಿದನು. ಅವನ ಸಂಸ್ಥೆಯ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊವನ್ನು ರೂಪಿಸಿದನು. ಅಯಸ್ಕಾಂತದ ನಡುವೆ ತಿರುಗುವ ತಂತಿಯ ಸುರುಳಿಯು ಬ್ಯಾಟರಿಯ ಹಂಗಿಲ್ಲದೆ ತಾನಾಗಿಯೇ ಕಿಡಿಯನ್ನು ಕೊಡತೊಡಗಿದ್ದು ಆ ಕಾಲಕ್ಕೆ ಮಹತ್ತಾದ ವಿಮೋಚನೆ. ಆದರೆ ಮ್ಯಾಗ್ನೆಟೊ ಕೊಡುತ್ತಿದ್ದುದು ಕಿಡಿಯನ್ನು ಮಾತ್ರ. ಒಂದು ದೀಪವನ್ನು ಬೆಳಗುವಷ್ಟು ವಿದ್ಯುತ್ತೂ ಅದರಿಂದ ಹೊರಡುತ್ತಿರಲಿಲ್ಲ.

ಹಾಗಾದರೆ ರಾತ್ರಿಯ ಸವಾರಿ ಹೇಗೆ? ಅದಕ್ಕೆ ಕಾರ್ಬೈಡ್ ದೀಪವಿತ್ತು. ನಮ್ಮ ಜಾತ್ರೆಗಳ ಮಿಠಾಯಿ ಅಂಗಡಿಗಳಲ್ಲಿ ಬಹುಕಾಲ ಉರಿದ ಆ ದೀಪವನ್ನು ಬಲ್ಲ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಅದರ ಪಾತ್ರೆ ಎರಡು ಅಂತಸ್ತಿನದು: ಮೇಲಿನದರಲ್ಲಿ ನೀರು, ಕೆಳಗಿನದರಲ್ಲಿ ಬೂದುಬಣ್ಣದ ಕ್ಯಾಲ್ಸಿಯಂ ಕಾರ್ಬೈಡಿನ ಹರಳುಗಳು. ನಡುವಣ ಸೂಜಿಯ ತಿರುಪನ್ನು ಕಿಂಚಿತ್ತು ಸಡಿಲಿಸಿದರೆ ನೀರು ತೊಟ್ಟುತೊಟ್ಟಾಗಿ ಹರಳಿನ ಮೇಲೆ ಬಿದ್ದು ಅಸಿಟಿಲೀನ್ ಅನಿಲವಾಗಿ, ಬೆಳ್ಳುಳ್ಳಿಯಂಥ ನಾತವನ್ನು ಬೀರುತ್ತ, ರಬ್ಬರು ಕೊಳವೆಯ ಮೂಲಕ ಮುಂದಿನ ದೀಪದ ಬರ್ನರನ್ನು ಸೇರಿ, ಕಣ್ಣು ಕೋರೈಸುವ ಬಿಳಿಯ ಜ್ವಾಲೆಯಾಗಿ ಉರಿಯುವುದು. ನೀರು ಹೆಚ್ಚಾದರೆ ಜ್ವಾಲೆ ಉಬ್ಬಿ ಗಾಜು ಮಸಿಯಾಗುವುದು. ಕಡಮೆಯಾದರೆ ದೀಪ ಸೊರಗುವುದು. ದಾರಿ ಕುಲುಕಿದರೆ ಎರಡೂ ಒಂದರ ಹಿಂದೊಂದಾಗಿ ಆಗುವುವು. ಊರು ಸೇರಿದ ಮೇಲೆ ಪಾತ್ರೆಯಲ್ಲುಳಿದ ಸುಣ್ಣದ ಕೆಸರನ್ನು ಬಳಿದು ತೊಳೆಯದಿದ್ದರೆ ಮರುದಿನಕ್ಕೆ ಅದು ಗಟ್ಟಿಯಾಗಿ ಕೂರುತ್ತಿತ್ತು. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿಯೇ ಸುಮಾರು 90 ಮೈಲಿಗಳ ತಂತಿಯ ಮೇಲೆ ಪಯಣಿಸಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಹೊತ್ತಿಕೊಂಡವು. ಅದೇ ವರ್ಷಗಳಲ್ಲಿ ಲೋಕದ ಯಾವ ಮೂಲೆಯ ಮೋಟಾರು ಸೈಕಲ್ ಸವಾರನೂ ಮುಸ್ಸಂಜೆಯಾಗುತ್ತಲೇ ರಸ್ತೆಯ ಬದಿಗೆ ನಿಂತು, ತಿರುಪು ಸಡಿಲಿಸಿ, ಬೆಂಕಿಕಡ್ಡಿ ಗೀರಬೇಕಾಗಿತ್ತು.

ಈ ಅವಸ್ಥೆಯಿಂದ ಒಂದೇ ನೆಗೆತಕ್ಕೆ ಪಾರಾಗಲು ಯತ್ನಿಸಿದವರು ಅಮೆರಿಕದ ‘ಇಂಡಿಯನ್’ ಗಾಡಿಗಳ ನಿರ್ಮಾಪಕರು. 1914ರಲ್ಲಿ ಅವರು ಹೊರತಂದ ‘ಹೆಂಡೀ ಸ್ಪೆಷಲ್’ ಎಂಬ ಮಾದರಿಯಲ್ಲಿ ವಿದ್ಯುದ್ದೀಪಗಳಷ್ಟೇ ಅಲ್ಲದೆ, ಗುಂಡಿಯೊತ್ತಿದರೆ ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರೂ ಇತ್ತು. ಕಾಲಿನಿಂದ ಒದೆಯುವ ಕಷ್ಟವನ್ನು ನಿವಾರಿಸುವ ಈ ಯೋಚನೆ ಉದಾತ್ತವಾದದ್ದೇ ಸರಿ. ಆದರೆ ಅಂದಿನ ಬ್ಯಾಟರಿಗಳು ಆ ಭಾರವನ್ನು ಹೊರಲಾರದೆ ಹೋದುವು. ಪದೇ ಪದೇ ಬರಿದಾಗುವ ಬ್ಯಾಟರಿಗಳ ದೂರು ಕೇಳಿ ಬೇಸತ್ತು ಕಂಪನಿಯವರು ಆ ಮಾದರಿಯನ್ನೇ ಕೈಬಿಟ್ಟರು. ಮರುವರ್ಷ ಹಾರ್ಲಿ-ಡೇವಿಡ್ಸನ್ನಿನವರು ಸ್ಟಾರ್ಟರಿನ ಗೋಜಿಗೆ ಹೋಗದೆ ದೀಪಗಳನ್ನು ಮಾತ್ರ ವಿದ್ಯುತ್ತಿನಿಂದ ಬೆಳಗಿಸಿ ಗೆದ್ದರು. ಅಲ್ಲಿಂದ ಮುಂದಿನ ಅರ್ಧ ಶತಮಾನದ ನೀತಿ ಇದೇ ಆಯಿತು: ವಿದ್ಯುತ್ತು ದೀಪಕ್ಕೆ ಮತ್ತು ಕಿಡಿಗೆ, ಮಿಕ್ಕದ್ದನ್ನೆಲ್ಲ ಸವಾರನ ಕಾಲು, ಕೈ, ತಾಳ್ಮೆಗಳು ನೋಡಿಕೊಳ್ಳತಕ್ಕದ್ದು.

ಇಂಗ್ಲೆಂಡಿನಲ್ಲಿ ಈ ನೀತಿಗೆ ಸ್ಥಿರರೂಪವನ್ನು ಕೊಟ್ಟವರು ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲೂಕಾಸ್ ಕಂಪನಿಯವರು. ಮ್ಯಾಗ್ನೆಟೊ ಮತ್ತು ಡೈನಮೋ ಎರಡನ್ನೂ ಒಂದೇ ಕವಚದಲ್ಲಿ ಕಟ್ಟಿದ ಅವರ ‘ಮ್ಯಾಗ್‌ಡೈನೋ’ ಎಂಬ ಉಪಕರಣವು ಎರಡು ಮಹಾಯುದ್ಧಗಳ ನಡುವಣ ಕಾಲದ ಆಂಗ್ಲ ಗಾಡಿಗಳಲ್ಲಿ ಎಲ್ಲೆಲ್ಲಿಯೂ ಕಾಣಸಿಗುತ್ತಿತ್ತು. ಕೊಡುತ್ತಿದ್ದುದು 6 ವೋಲ್ಟಿನಲ್ಲಿ ಕೆಲವೇ ಹತ್ತು ವ್ಯಾಟುಗಳು. ಮುಂದಿನ ದೀಪ ಅದರ ಬಹುಭಾಗವನ್ನು ನುಂಗಿದ ಮೇಲೆ ಹಿಂದಿನ ಕೆಂಪು ದೀಪಕ್ಕೂ ಹಾರ್ನಿಗೂ ಸಾಲುವಷ್ಟು ಮಾತ್ರ ಉಳಿಯುತ್ತಿತ್ತು. ಲೂಕಾಸರನ್ನು ಕತ್ತಲೆಯ ರಾಜಕುಮಾರರೆಂದು ಸವಾರರು ಹಾಸ್ಯ ಮಾಡಿದ್ದು ಲೋಕಪ್ರಸಿದ್ಧವಾಗಿದೆ. ಆ ಪರಿಹಾಸ್ಯದಲ್ಲಿ ಅರ್ಧಸತ್ಯವೇ ಇರುವುದೆಂದು ನನ್ನ ಅಭಿಪ್ರಾಯ. ಉಪಕರಣ ಕೆಡುತ್ತಿದ್ದುದು ನಿಜವಾದರೂ, ಕೆಡದಿದ್ದಾಗಲೂ ಅದರಿಂದ ಹೆಚ್ಚಿನದೇನನ್ನೂ ನಿರೀಕ್ಷಿಸುವಂತಿರಲಿಲ್ಲ.

ನಿರೀಕ್ಷಿಸುವ ಅಗತ್ಯವೂ ಆಗ ಇರಲಿಲ್ಲವೆನ್ನಬೇಕು. ರಾಬರ್ಟ್ ಎಡಿಸನ್ ಫುಲ್ಟನ್ ಎಂಬ ಅಮೆರಿಕದ ಯುವಕನು 1932ರಲ್ಲಿ ‘ಡಗ್ಲಸ್’ ಎಂಬ ಗಾಡಿಯನ್ನೇರಿ ಲಂಡನ್ನಿನಿಂದ ಹೊರಟು, ಮರುಭೂಮಿಗಳನ್ನು ದಾಟಿ, ನಮ್ಮ ದೇಶದ ಮೂಲಕವೂ ಹಾದು, ಟೋಕಿಯೊದವರೆಗೆ ಸಾಗಿದನು. ಅವನೊಡನೆ ಚಲನಚಿತ್ರ ತೆಗೆಯುವ ಕ್ಯಾಮೆರಾ ಇತ್ತು. ಅಂದಿನ ಹವ್ಯಾಸಿಗಳ ಕ್ಯಾಮೆರಾಗಳು ಕೀಲಿ ಕೊಟ್ಟು ಓಡಿಸುವ ಬಗೆಯವು. ದಾರಿಯನ್ನು ತೋರಿಸುತ್ತಿದ್ದುದು ಕಾಗದದ ನಕ್ಷೆ, ಅಥವಾ ಎದುರಾದ ದಾರಿಹೋಕ. ಟೆಡ್ ಸೈಮನ್ ಎಂಬ ಪತ್ರಕರ್ತನು 1973ರಿಂದ ನಾಲ್ಕು ವರ್ಷ ‘ಟ್ರಯಂಫ್’ ಗಾಡಿಯ ಮೇಲೆ ಭೂಮಂಡಲವನ್ನು ಸುತ್ತಿದಾಗಲೂ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಪ್ರವಾಸಿಯ ಸಾಮಾನಿನಲ್ಲಿ ವಿದ್ಯುತ್ತನ್ನು ಬೇಡುವ ವಸ್ತುವೆಂದರೆ ಒಂದು ಟಾರ್ಚು. ಅದಕ್ಕೆ ಶೆಲ್ಲುಗಳು ಯಾವ ಸಂತೆಯಲ್ಲಾದರೂ ಸಿಗುತ್ತಿದ್ದುವು.

ಇನ್ನು ನಮ್ಮ ನಾಡಿನ ಮಾತು. ಮೈಸೂರಿನ ಯಾದವಗಿರಿಯಲ್ಲಿ 1960ರ ದಶಕದ ಆದಿಯಲ್ಲಿ, ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹದಿಂದ, ಪಾರಸೀಕ ಮನೆತನದ ಇರಾನಿಯವರು ಸ್ಥಾಪಿಸಿದ ‘ಐಡಿಯಲ್ ಜಾವಾ’ ಕಾರ್ಖಾನೆಯು ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ಇಲ್ಲಿಯೇ ತಯಾರಿಸತೊಡಗಿತು. ಮುಂದೆ 1970ರ ದಶಕದಲ್ಲಿ ಅವೇ ‘ಯೆಜ್ಡಿ’ ಎಂಬ ಹೆಸರನ್ನು ತಳೆದು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚುವವರೆಗೆ, ಕನ್ನಡನಾಡಿನ ರಸ್ತೆಗಳ ಮೇಲೆ ತಮ್ಮ ವಿಶಿಷ್ಟವಾದ ಜೋಡಿ ಸೈಲೆನ್ಸರಿನ ಸದ್ದನ್ನು ಹರಡಿದುವು. ಮದರಾಸಿನ ತಿರುವೊತ್ತಿಯೂರಿನಲ್ಲಿ 1955ರಿಂದ ಎನ್‌ಫೀಲ್ಡ್ ಬುಲೆಟ್ಟು ಸಿದ್ಧವಾಗುತ್ತಿತ್ತು. ಬೆಂಗಳೂರಿನ ಆಡುಗೋಡಿಯಲ್ಲಿ, 1951ರಲ್ಲಿ ಸ್ಥಾಪಿತವಾದ ಮೈಕೊ ಕಂಪನಿಯು ಬಾಷ್ ಸಂಸ್ಥೆಯ ಸಹಯೋಗದಿಂದ ಸ್ಪಾರ್ಕ್ ಪ್ಲಗ್ಗುಗಳನ್ನು ಮಾಡಿ ಈ ಗಾಡಿಗಳಿಗೆಲ್ಲ ಒದಗಿಸುತ್ತಿತ್ತು. ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದ ಕಿಡಿಯ ವಿದ್ಯೆ ಹೀಗೆ ಹೊಸೂರು ರಸ್ತೆಯ ಮಗ್ಗುಲಿಗೆ ಬಂದು ನೆಲೆಸಿತು.

ಆದರೆ ಮೈಸೂರಿನ ಜಾವಾದ ವಿದ್ಯುತ್ತಿನ ಆಯವ್ಯಯವನ್ನು ನೋಡಿ. ಕ್ರ್ಯಾಂಕ್ ಶಾಫ್ಟಿನ ಬಲತುದಿಯಲ್ಲಿ ಕುಳಿತ ಡೈನಮೋ 6 ವೋಲ್ಟಿನಲ್ಲಿ 45 ವ್ಯಾಟುಗಳನ್ನು ಸಂಪಾದಿಸುತ್ತಿತ್ತು. ಹೆಡ್‌ಲೈಟಿಗೆ ಸುಮಾರು 25ರಿಂದ 35 ವ್ಯಾಟು, ಹಿಂದಿನ ದೀಪಕ್ಕೆ ಒಂದಿಷ್ಟು, ಕಿಡಿ ಹಾರಿಸುವ ಕಾಯಿಲ್ಲಿಗೆ ಒಂದಿಷ್ಟು. ಬ್ರೇಕು ಹಿಡಿದರೆ, ಹಾರ್ನು ಹೊಡೆದರೆ, ಅದು ಬೇರೆ. ತಿಂಗಳ ಸಂಬಳವು ತಿಂಗಳಿಗೇ ಸರಿಹೋಗುವ ಗುಮಾಸ್ತನ ಸಂಸಾರದಂತೆ, ರಾತ್ರಿಯ ಪ್ರಯಾಣದಲ್ಲಿ ಆ ಗಾಡಿ ಬ್ಯಾಟರಿಯೆಂಬ ಹಳೆಯ ಉಳಿತಾಯದಿಂದ ಚೂರು ಚೂರು ತೆಗೆದು ದಿನ ದೂಡುತ್ತಿತ್ತು. ಎಂಜಿನ್ನಿನ ವೇಗ ತಗ್ಗಿದಾಗ ಡೈನಮೋವಿನ ವೋಲ್ಟೇಜು ಬ್ಯಾಟರಿಯದಕ್ಕಿಂತ ಕಡಮೆಯಾಗುವುದರಿಂದ, ಬ್ಯಾಟರಿಯ ಶಕ್ತಿ ಹಿಮ್ಮುಖವಾಗಿ ಡೈನಮೋವಿಗೇ ಹರಿದುಹೋಗದಂತೆ ‘ಕಟ್‌ಔಟ್’ ಎಂಬ ಪುಟ್ಟ ಸಾಧನ ಇಬ್ಬರ ಸಂಬಂಧವನ್ನು ಕತ್ತರಿಸಿಬಿಡುತ್ತಿತ್ತು. ಆಗುಂಬೆಯ ಘಟ್ಟವನ್ನೋ ಚಾರ್ಮಾಡಿಯನ್ನೋ ರಾತ್ರಿ ಏರಿದ ಹಳಬರನ್ನು ಕೇಳಿದರೆ ಇದರ ಫಲ ಏನೆಂದು ತಿಳಿಯುತ್ತದೆ: ತಿರುವಿನಲ್ಲಿ ವೇಗ ತಗ್ಗಿಸಿದೊಡನೆ, ಬೆಳಕು ಅತ್ಯಂತ ಅಗತ್ಯವಾದ ಕ್ಷಣದಲ್ಲಿಯೇ, ಹೆಡ್‌ಲೈಟು ಬ್ಯಾಟರಿಯ ಪಾಲಿಗೆ ಬೀಳುವುದು, ಬ್ಯಾಟರಿ ಹಳೆಯದಾಗಿದ್ದರೆ ಬೆಳಕು ಹಳದಿಯಾಗಿ, ಕೆಂಪಾಗಿ, ಎದುರಿನ ಬಂಡೆಯೂ ಕಾಣದಂತಾಗುವುದು, ಆಗ ಕ್ಲಚ್ಚು ಹಿಡಿದು ಸುಮ್ಮನೆ ಎಂಜಿನ್ನನ್ನು ಅರಚಿಸಿ ಬೆಳಕು ಪಡೆಯುವುದೊಂದೇ ಉಪಾಯ.

ಬುಲೆಟ್ಟಿನ ಹೆಡ್‌ಲೈಟಿನ ಗೂಡಿನ ಮೇಲೆ ಒಂದು ಆಮ್ಮೀಟರು ಇರುತ್ತಿತ್ತು. ಅದರ ಮುಳ್ಳು ಶೂನ್ಯದಿಂದ ಬಲಕ್ಕೆ ವಾಲಿದರೆ ಬ್ಯಾಟರಿ ತುಂಬುತ್ತಿದೆ, ಎಡಕ್ಕೆ ವಾಲಿದರೆ ಬರಿದಾಗುತ್ತಿದೆ ಎಂದರ್ಥ. ಇಗ್ನಿಷನ್ ಹಾಕಿ, ಆ ಮುಳ್ಳನ್ನೇ ನೋಡುತ್ತ ಕಿಕ್ಕರನ್ನು ಮೆಲ್ಲನೆ ಒತ್ತಿ, ಡಿಕಂಪ್ರೆಸರನ್ನೆಳೆದು, ಪಿಸ್ಟನ್ನು ಯಾವ ಸ್ಥಾನದಲ್ಲಿದೆಯೆಂದು ಮುಳ್ಳಿನ ಅಲುಗಾಟದಿಂದಲೇ ಅರಿತು ಒದೆಯುವುದು ಬುಲೆಟ್ಟಿನವರ ವಿದ್ಯೆ. ವಾಹನದ ವಿದ್ಯುತ್ತಿನ ಆರೋಗ್ಯವನ್ನು ಸವಾರನು ಅಷ್ಟು ನಿಕಟವಾಗಿ ಕಣ್ಣಾರೆ ಕಾಣುತ್ತಿದ್ದ ಕಾಲ ಮತ್ತೊಂದಿಲ್ಲ. ಪ್ರತಿ ಊರಿನ ಬಸ್ ನಿಲ್ದಾಣದ ಸಮೀಪದಲ್ಲಿಯೂ ಇರುತ್ತಿದ್ದ ಬ್ಯಾಟರಿ ಅಂಗಡಿ, ಅಲ್ಲಿ ಗೋಡೆಯುದ್ದಕ್ಕೂ ಸಾಲಾಗಿ ಚಾರ್ಜಿಗೆ ಇಟ್ಟ ಬ್ಯಾಟರಿಗಳು, ಆಮ್ಲದ ಚುರುಕು ವಾಸನೆ, ಹೈಡ್ರೋಮೀಟರಿನ ಗಾಜಿನ ನಳಿಗೆಯಲ್ಲಿ ಆಮ್ಲವನ್ನು ಹೀರಿ ಒಳಗಣ ತೇಲನ್ನು ಬೆಳಕಿಗೆ ಹಿಡಿದು “ಇನ್ನೂ ಒಂದು ರಾತ್ರಿ ಇರಲಿ ಸಾರ್” ಎನ್ನುವ ಅಂಗಡಿಯಾತ, ಇವೆಲ್ಲ ಆ ಕೊರತೆಯ ಯುಗದ ಸಂಸ್ಥೆಗಳು.

ಕೊರತೆ ಮಿಗತೆಯಾದದ್ದು ಎರಡು ಕಾರಣಗಳಿಂದ. ಮೊದಲನೆಯದು ಆಲ್ಟರ್ನೇಟರು. ಡೈನಮೋವಿನಲ್ಲಿ ತಂತಿಯ ಸುರುಳಿಗಳೇ ತಿರುಗುತ್ತವೆಯಾದ್ದರಿಂದ ಅವುಗಳಿಂದ ವಿದ್ಯುತ್ತನ್ನು ಹೊರಕ್ಕೆ ತರಲು ಕಾರ್ಬನ್ ಬ್ರಷ್ಷುಗಳು ಬೇಕು. ಅವು ಸವೆಯುತ್ತವೆ, ಕಿಡಿ ಕಾರುತ್ತವೆ, ಎಣ್ಣೆಯೂ ಧೂಳೂ ತಾಗಿದರೆ ಮುಷ್ಕರ ಹೂಡುತ್ತವೆ. ಆಲ್ಟರ್ನೇಟರಿನಲ್ಲಿ ಸುರುಳಿಗಳು ಸ್ಥಿರವಾಗಿದ್ದು ಅಯಸ್ಕಾಂತ ತಿರುಗುತ್ತದೆ. ಬರುವ ವಿದ್ಯುತ್ತು ಎರಡು ದಿಕ್ಕಿಗೂ ಓಲಾಡುವಂಥದಾದುದರಿಂದ, ಅದನ್ನು ಬ್ಯಾಟರಿಗೆ ಹಿತವಾಗುವ ಏಕಮುಖ ಪ್ರವಾಹವನ್ನಾಗಿ ಮಾಡುವ ರೆಕ್ಟಿಫೈಯರು ಅಗ್ಗವೂ ದೃಢವೂ ಆಗುವವರೆಗೆ ಇದು ಕಾಯಬೇಕಾಯಿತು. ಟ್ರಯಂಫ್ ಕಂಪನಿಯವರು 1953ರಲ್ಲಿ ತಮ್ಮ ‘ಸ್ಪೀಡ್ ಟ್ವಿನ್’ ಗಾಡಿಗೆ ಲೂಕಾಸರ ಆಲ್ಟರ್ನೇಟರನ್ನು ತೊಡಿಸಿದರು. 1960ರ ದಶಕದ ನಡುವಿಗೆ ಆಂಗ್ಲ ಗಾಡಿಗಳು 6 ವೋಲ್ಟನ್ನು ತೊರೆದು 12 ವೋಲ್ಟಿಗೆ ಏರಿದುವು. ವೋಲ್ಟೇಜು ಇಮ್ಮಡಿಯಾದರೆ ಅಷ್ಟೇ ವ್ಯಾಟಿಗೆ ಆಂಪಿಯರು ಅರ್ಧ ಸಾಕು. ತೆಳುವಾದ ತಂತಿಯಲ್ಲಿಯೂ ನಷ್ಟ ಕಡಮೆ. ಇದು ಶಾಲೆಯ ಲೆಕ್ಕವೇ ಆದರೂ ಗಾಡಿಯ ಮೇಲೆ ಇದರ ಪರಿಣಾಮ ದೊಡ್ಡದು.

ಎರಡನೆಯ ಕಾರಣ, ಅಂದು ಇಂಡಿಯನ್ ಕಂಪನಿಯವರು ಸೋತುಬಿಟ್ಟಿದ್ದ ಸ್ಟಾರ್ಟರು. 1969ರಲ್ಲಿ ಹೋಂಡಾದವರ ನಾಲ್ಕು ಸಿಲಿಂಡರುಗಳ ‘ಸಿಬಿ 750’ ಗಾಡಿಯೂ ಬಿಎಂಡಬ್ಲ್ಯು ಕಂಪನಿಯ ‘ಆರ್75/5’ ಗಾಡಿಯೂ ವಿದ್ಯುತ್ ಸ್ಟಾರ್ಟರಿನೊಡನೆ ಪೇಟೆಗೆ ಬಂದುವು. ದೊಡ್ಡ ಎಂಜಿನ್ನನ್ನು ತಿರುಗಿಸಲು ಸ್ಟಾರ್ಟರು ಎಳೆಯುವ ವಿದ್ಯುತ್ತು ಭಯಂಕರವಾದದ್ದು. ಆದರೆ ಅದು ಎಳೆಯುವುದು ಒಂದೆರಡು ಕ್ಷಣ ಮಾತ್ರ. ಆ ಕ್ಷಣಗಳಿಗಾಗಿ ದೊಡ್ಡ ಬ್ಯಾಟರಿ ಬೇಕಾಯಿತು. ಆ ಬ್ಯಾಟರಿಯನ್ನು ಬೇಗನೆ ತುಂಬಲು ದೊಡ್ಡ ಆಲ್ಟರ್ನೇಟರು ಬೇಕಾಯಿತು. ಹೋಂಡಾದಲ್ಲಿ ಅದು 210 ವ್ಯಾಟಿನದು, ಬಿಎಂಡಬ್ಲ್ಯುವಿನಲ್ಲಿ ಮೊದಲು 180, ಕೆಲವೇ ವರ್ಷಗಳಲ್ಲಿ 280 ವ್ಯಾಟಿನದು. ಬೆಳಗಿನ ಒಂದೆರಡು ಕ್ಷಣಗಳ ಸಾಲವನ್ನು ತೀರಿಸಿದ ಮೇಲೆ ಇಡೀ ದಿನ ಆ ಯಂತ್ರ ಉತ್ಪಾದಿಸುತ್ತಿದ್ದ ವಿದ್ಯುತ್ತಿಗೆ ಮಾಡಲು ಕೆಲಸವೇ ಇರಲಿಲ್ಲ. ಪ್ರವಾಸಿಯ ಸಾಕೆಟ್ಟು ಹುಟ್ಟಿದ್ದು ಪ್ರವಾಸಿಯ ಮೇಲಿನ ಕರುಣೆಯಿಂದಲ್ಲ, ಕಿಕ್ಕರು ಒದೆಯಲು ಒಲ್ಲದವನ ಸೋಮಾರಿತನದಿಂದ ಎಂದು ನಾನು ಹೇಳಿದರೆ ಯಾರೂ ಕೋಪಗೊಳ್ಳಬಾರದು.

ಈ ಮಿಗತೆ ಏನಾಗುತ್ತಿತ್ತೆಂಬುದೂ ಕುತೂಹಲಕರವಾದ ವಿಷಯ. ಶಾಶ್ವತ ಅಯಸ್ಕಾಂತದ ಆಲ್ಟರ್ನೇಟರನ್ನು ಸಾಕು ನಿಲ್ಲು ಎನ್ನುವಂತಿಲ್ಲ. ಎಂಜಿನ್ನು ತಿರುಗುವಷ್ಟು ಕಾಲವೂ ಅದು ವಿದ್ಯುತ್ತನ್ನು ಕೊಡುತ್ತಲೇ ಇರುತ್ತದೆ. ಬ್ಯಾಟರಿ ತುಂಬಿದ ಮೇಲೆ ಉಳಿದುದನ್ನು ಎಲ್ಲಿಯಾದರೂ ಸುರಿಯಬೇಕು. ಟ್ರಯಂಫಿನವರು ಝೀನರ್ ಡಯೋಡು ಎಂಬ ಸಾಧನವನ್ನು ಅಲ್ಯುಮಿನಿಯಮ್ಮಿನ ದಪ್ಪ ಆಸರೆಗೆ ಬಿಗಿದು, ಹೆಡ್‌ಲೈಟಿನ ಅಡಿಯಲ್ಲಿ ಗಾಳಿಗೆ ಒಡ್ಡಿ, ಮಿಕ್ಕ ವಿದ್ಯುತ್ತನ್ನೆಲ್ಲ ಶಾಖವಾಗಿ ಗಾಳಿಗೆ ತೂರಿಬಿಡುತ್ತಿದ್ದರು. ಇಂದಿಗೂ ನಮ್ಮ ಬಹುಪಾಲು ಗಾಡಿಗಳಲ್ಲಿ ರೆಕ್ಟಿಫೈಯರೂ ರೆಗ್ಯುಲೇಟರೂ ಒಂದಾಗಿರುವ, ಬೆರಳು ತಾಗಿಸಿದರೆ ಸುಡುವ, ಅಡ್ಡಗೆರೆಗಳ ಆ ಪೆಟ್ಟಿಗೆ ಮಾಡುತ್ತಿರುವುದು ಇದನ್ನೇ. ಹೀಗೆ ಗಾಳಿಯ ಪಾಲಾಗುವ ಸಂಪತ್ತಿನಲ್ಲಿ ಒಂದಂಶವನ್ನು ಸವಾರನು ತನ್ನ ಉಪಯೋಗಕ್ಕೆ ತಿರುಗಿಸಿಕೊಂಡರೆ ಎಂಜಿನ್ನಿಗೆ ಹೆಚ್ಚಿನ ಹೊರೆಯೇನೂ ಬೀಳುವುದಿಲ್ಲ.

ಸಾಕೆಟ್ಟಿನ ಆಕಾರವಾದರೋ ಕಾರಿನಿಂದ ಎರವಲು ಬಂದದ್ದು. ಅಮೆರಿಕದ ಕಾರುಗಳಲ್ಲಿ 1920ರ ದಶಕದಿಂದ ಸಿಗರೇಟು ಹೊತ್ತಿಸುವ ವಿದ್ಯುತ್ ಸಾಧನವೊಂದು ಬಳಕೆಗೆ ಬಂದಿತ್ತು. ಅದರ ಮುಂದಿನ ರೂಪಗಳಲ್ಲಿ, ಒಳಗೆ ಒತ್ತಿದರೆ ಸುರುಳಿ ಕೆಂಪಗೆ ಕಾಯುವುದು, ಕಾದೊಡನೆ ಟಿಕ್ಕೆಂದು ಹೊರಕ್ಕೆ ನೆಗೆಯುವುದು. ಆ ಗುಂಡನೆಯ, ಸುಮಾರು 21 ಮಿಲಿಮೀಟರು ಅಗಲದ ಬಿಲವನ್ನೇ ಜನರು ಕ್ರಮೇಣ ಬೇರೆ ಬೇರೆ ಉಪಕರಣಗಳಿಗೂ ಬಳಸತೊಡಗಿ, ಉದ್ದೇಶಿಸದೆಯೇ ಅದು ಜಗತ್ತಿನ ವಾಹನಗಳ ಸಾಮಾನ್ಯ ಸಾಕೆಟ್ಟಾಗಿ ಪರಿಣಮಿಸಿತು. ಮೋಟಾರು ಸೈಕಲ್ಲಿಗೆ ಇದು ತೀರ ಅಯೋಗ್ಯವಾದ ಆಯ್ಕೆ. ತುದಿಯ ಸ್ಪ್ರಿಂಗು ಪ್ಲಗ್ಗನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ, ಹಿಡಿದಿಡುವ ಪಟ್ಟಿಗಳು ಬಲಹೀನ, ಒಂದು ಗುಂಡಿ ಹಾರಿದರೆ ಸಂಪರ್ಕ ತಪ್ಪುತ್ತದೆ, ಮಳೆಯ ನೀರು ಒಳಗೆ ನಿಲ್ಲುತ್ತದೆ. ಮತ್ತು ಓಡುವ ಗಾಡಿಯ ಮೇಲೆ ಅದರಿಂದ ಸಿಗರೇಟು ಹೊತ್ತಿಸಿದವನು ಯಾರೂ ಇರಲಾರನು. ಜರ್ಮನರು ಇದಕ್ಕಿಂತ ವಿವೇಕಿಗಳಾಗಿ, 12 ಮಿಲಿಮೀಟರಿನ ಕಿರಿದಾದ ಸಾಕೆಟ್ಟೊಂದನ್ನು ಬಳಸಿದರು. ಪ್ಲಗ್ಗು ಅದರೊಳಗೆ ಕಚ್ಚಿಕೊಂಡು ಕೂರುತ್ತದೆ, ಕಂಪನಕ್ಕೆ ಅಲುಗುವುದಿಲ್ಲ. ಬಿಎಂಡಬ್ಲ್ಯು ಗಾಡಿಗಳಲ್ಲಿ ನೆಲೆಯೂರಿದ ಈ ಬಗೆಗೆ ಅಂತರರಾಷ್ಟ್ರೀಯ ಮಾನಕವೂ ಉಂಟು. ಆದರೆ ಅಗ್ಗದ ಉಪಕರಣಗಳೆಲ್ಲ ಅಗಲದ ಪ್ಲಗ್ಗಿನೊಡನೆಯೇ ಬರುತ್ತಿದ್ದುದರಿಂದ, ಜರ್ಮನ್ ಗಾಡಿಯ ಒಡೆಯರು ಕಿರಿದರಿಂದ ಅಗಲಕ್ಕೆ ಬದಲಿಸುವ ಅಡಾಪ್ಟರೊಂದನ್ನು ಕಿಸೆಯಲ್ಲಿಟ್ಟುಕೊಂಡೇ ತಿರುಗಬೇಕಾಯಿತು. ವಿವೇಕಕ್ಕೂ ಪ್ರಚಾರಕ್ಕೂ ಸ್ಪರ್ಧೆಯಾದಲ್ಲಿ ಪ್ರಚಾರವೇ ಗೆಲ್ಲುವುದು ಯಂತ್ರಗಳ ಲೋಕದಲ್ಲಿಯೂ ಉಂಟು.

ಆ ಸಾಕೆಟ್ಟಿಗೆ ಮೊದಲು ಚುಚ್ಚಿದ ವಸ್ತುಗಳಲ್ಲಿ ಮುಖ್ಯವಾದುದು ಬೆಚ್ಚನೆಯ ಅಂಗಿ. ಬಟ್ಟೆಯೊಳಗೆ ತಂತಿ ಹೊಲಿದು ಕಾಯಿಸುವ ಉಪಾಯವನ್ನು ಒಂದನೆಯ ಮಹಾಯುದ್ಧದ ವಿಮಾನಚಾಲಕರಿಗಾಗಿಯೇ ಕಂಡುಹಿಡಿದಿದ್ದರು. 1970ರ ದಶಕದಲ್ಲಿ ಅಮೆರಿಕದ ಸವಾರರು ಅದನ್ನು ತಮ್ಮದಾಗಿಸಿಕೊಂಡರು. 1975ರಲ್ಲಿ ಹೋಂಡಾದವರ ‘ಗೋಲ್ಡ್ ವಿಂಗ್’ ಬಂದ ಮೇಲೆ ಅದರ ಮೇಲೆ ರೇಡಿಯೊ, ಹೆಚ್ಚುವರಿ ದೀಪಗಳು, ಟೈರಿನ ಪಂಪು ಎಲ್ಲವೂ ಏರಿದುವು. ಆದರೂ ಇವೆಲ್ಲ ಕೆಲವರ ವಿಲಾಸ. ಸಾಕೆಟ್ಟನ್ನು ಪ್ರವಾಸದ ಅವಶ್ಯಕ ಅಂಗವನ್ನಾಗಿ ಮಾಡಿದ್ದು ನಕ್ಷೆ. ಅಮೆರಿಕದ ಸರ್ಕಾರವು ಜಿಪಿಎಸ್ ಉಪಗ್ರಹಗಳ ಸಂಕೇತದಲ್ಲಿ ಬುದ್ಧಿಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಿನಲ್ಲಿ ತೆಗೆದುಹಾಕಿತು. ಅದರಿಂದ ಜನಸಾಮಾನ್ಯರ ಯಂತ್ರಗಳೂ ನಿಖರವಾದ ದಾರಿಯನ್ನು ತೋರಿಸಬಲ್ಲವಾದುವು. ಕೆಲವೇ ವರ್ಷಗಳಲ್ಲಿ ಮೋಟಾರು ಸೈಕಲ್ಲಿಗೆಂದೇ ಮಾಡಿದ ಯಂತ್ರಗಳು ಅಂಗಡಿಗಳಿಗೆ ಬಂದುವು. 2004ರಲ್ಲಿ ಇವಾನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೂರ್ಮನ್ ಎಂಬ ನಟರಿಬ್ಬರು ಲಂಡನ್ನಿನಿಂದ ಪೂರ್ವಾಭಿಮುಖವಾಗಿ ನ್ಯೂಯಾರ್ಕಿನವರೆಗೆ ಬಿಎಂಡಬ್ಲ್ಯು ಗಾಡಿಗಳ ಮೇಲೆ ಹೋದ ಯಾತ್ರೆಯು ಟೆಲಿವಿಷನ್ನಿನಲ್ಲಿ ಪ್ರಸಾರವಾಗಿ, ಯಾತ್ರೆಯೆಂದರೆ ಅದನ್ನು ಚಿತ್ರೀಕರಿಸುವುದೂ ಸೇರಿದ್ದೆಂಬ ಭಾವನೆಯನ್ನು ಲಕ್ಷಾಂತರ ಜನರಲ್ಲಿ ಬಿತ್ತಿತು. ಕೀಲಿ ಕೊಡುವ ಕ್ಯಾಮೆರಾದೊಡನೆ ಫುಲ್ಟನ್ ಅದೇ ಲಂಡನ್ನಿನಿಂದ ಹೊರಟು ಆಗ 72 ವರ್ಷಗಳಾಗಿದ್ದುವು.

ನಮ್ಮಲ್ಲಿ ಲಡಾಖಿನ ಯಾತ್ರೆ ಬೆಂಗಳೂರಿನ ಯುವಕರ ವ್ರತವಾದ ಕಾಲಕ್ಕೆ, ಸಾಕೆಟ್ಟು ಹಾಕಿಸುವುದೂ ಪೂರ್ವಸಿದ್ಧತೆಯ ಪಟ್ಟಿಯಲ್ಲಿ ಸೇರಿತು. ಜೆಸಿ ರಸ್ತೆಯ ಅಂಗಡಿಯಲ್ಲಿ ಸಾಕೆಟ್ಟು, ಫ್ಯೂಸು, ರಿಲೇ, ಕೆಲವು ಮೀಟರು ವೈರು ಕೊಂಡು ಗಲ್ಲಿಯ ಎಲೆಕ್ಟ್ರಿಷಿಯನ್ನನ ಮುಂದೆ ಇಟ್ಟರೆ, ಆ ಕಸುಬಿನವರಲ್ಲಿ ಎರಡು ಪಂಥ. ಅವಸರದವನು ಹೆಡ್‌ಲೈಟಿನ ಗೂಡು ಬಿಚ್ಚಿ, ಹಾರ್ನಿನ ವೈರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು, ಅದಕ್ಕೆ ಹೊಸ ವೈರನ್ನು ಹೊಸೆದು, ಟೇಪು ಸುತ್ತಿ ಹತ್ತು ನಿಮಿಷದಲ್ಲಿ ಮುಗಿಸುತ್ತಾನೆ. ಫ್ಯೂಸನ್ನು ಅವನು ವಾಪಸು ಕೈಗೆ ಕೊಡುತ್ತಾನೆ, “ಗಾಡೀಲೇ ಒಂದು ಐತಲ್ಲ ಸಾರ್” ಎನ್ನುತ್ತಾನೆ. ಆ ಟೇಪಿನ ಅಂಟು ಬಿಸಿಲಿಗೆ ಕರಗಿ, ಘಟ್ಟದ ಮಳೆಗೆ ನೆನೆದು, ಹ್ಯಾಂಡಲ್ಲು ತಿರುಗಿದಾಗಲೆಲ್ಲ ಮಡಚಿ ಸವೆದ ವೈರು ಫ್ರೇಮಿಗೆ ತಾಗಿದ ದಿನ, ಗಾಡಿಯ ಆ ಒಂದು ಫ್ಯೂಸಿನೊಡನೆ ಹಾರ್ನು, ಇಂಡಿಕೇಟರು, ಬ್ರೇಕಿನ ದೀಪ ಎಲ್ಲವೂ ಏಕಕಾಲಕ್ಕೆ ಹೋಗುತ್ತವೆ. ನಿಧಾನದವನ ಕ್ರಮ ಬೇರೆ. ಅವನು ಸೀಟು ತೆಗೆದು ಬ್ಯಾಟರಿಯಿಂದಲೇ ನೇರವಾಗಿ ವೈರು ಎಳೆದು, ಬ್ಯಾಟರಿಯ ಕೊಂಬಿಗೆ ಒಂದು ಗೇಣಿನೊಳಗೆ 10 ಆಂಪಿಯರಿನ ಫ್ಯೂಸು ಕೂರಿಸಿ, ಹಿಂದಿನ ದೀಪದ ವೈರಿನಿಂದ ರಿಲೇಗೆ ಸಂಜ್ಞೆ ಕೊಟ್ಟು, ಕೀಲಿ ತೆಗೆದೊಡನೆ ಸಾಕೆಟ್ಟೂ ಸಾಯುವಂತೆ ಮಾಡಿ, ಅರ್ಥಿಂಗನ್ನು ಬಣ್ಣ ಬಳಿದ ಫ್ರೇಮಿಗೆ ನೆಚ್ಚದೆ ಬ್ಯಾಟರಿಯ ನೆಗೆಟಿವ್ವಿಗೇ ತಂದು ಬಿಗಿಯುತ್ತಾನೆ. ಕೂಡುಗಳನ್ನು ಬೆಸುಗೆ ಹಾಕಿ, ಮೇಲೆ ಕುಗ್ಗುವ ಸ್ಲೀವು ತೊಡಿಸಿ, ಲೈಟರಿನ ಜ್ವಾಲೆಯನ್ನು ಅದರ ಕೆಳಗೆ ಆಡಿಸುವಾಗ ಅವನ ಮುಖದಲ್ಲಿ ಅಕ್ಕಸಾಲಿಗನ ಏಕಾಗ್ರತೆ ಇರುತ್ತದೆ. ಮಜೂರಿ ಇಮ್ಮಡಿ, ಕೊಡತಕ್ಕದ್ದೇ.

ಹೊಸ ಗಾಡಿಗಳಲ್ಲಿ ಮೊದಲಿನವನ ವಿದ್ಯೆ ನಡೆಯುವುದಿಲ್ಲ. ಬಿಎಂಡಬ್ಲ್ಯು 2004ರ ‘ಆರ್1200ಜಿಎಸ್’ ಗಾಡಿಯಲ್ಲಿ ಎಲ್ಲ ದೀಪ, ಗುಂಡಿಗಳನ್ನೂ ಒಂದು ಗಣಕದ ಆಳ್ವಿಕೆಗೆ ಒಪ್ಪಿಸಿ, ಫ್ಯೂಸುಗಳ ಪೆಟ್ಟಿಗೆಯನ್ನೇ ಬಿಟ್ಟುಬಿಟ್ಟಿತು. ಸಾಕೆಟ್ಟಿಗೆ ಭಾರವಾದ ಪಂಪೊಂದನ್ನು ಚುಚ್ಚಿದರೆ ಆ ಗಣಕ ಯಾರನ್ನೂ ಕೇಳದೆ ಪ್ರವಾಹವನ್ನು ಕಡಿದುಬಿಡುತ್ತದೆ. ನಡುದಾರಿಯಲ್ಲಿ ಟೈರು ಪಂಚರಾದವನಿಗೆ ಈ ಎಚ್ಚರಿಕೆ ಹಿತವೆನಿಸಲಾರದು.

ಮಿಗತೆಯ ಲೆಕ್ಕವೂ ಸ್ಥಿರವಾಗಿ ನಿಂತಿಲ್ಲ. ಸುಮಾರು 200 ವ್ಯಾಟಿನ ಆಲ್ಟರ್ನೇಟರುಳ್ಳ ಗಾಡಿಯಲ್ಲಿ 55 ವ್ಯಾಟಿನ ಹೆಡ್‌ಲೈಟು, ಪೆಟ್ರೋಲು ಚಿಮ್ಮಿಸುವ ಪಂಪು, ಗಣಕ, ಕಾಯಿಲ್ಲು, ಫ್ಯಾನು ಎಲ್ಲವನ್ನೂ ಕಳೆದರೆ ಪ್ರವಾಸಿಗೆ ಉಳಿಯುವುದು ಅವನು ಎಣಿಸಿದ್ದಕ್ಕಿಂತ ಬಹಳ ಕಡಮೆ. ಅದೂ ಎಂಜಿನ್ನು ವೇಗವಾಗಿ ತಿರುಗುವಾಗ. ಸಿಗ್ನಲ್ಲಿನಲ್ಲಿ ನಿಂತಿರುವಾಗ ಲೆಕ್ಕ ಮತ್ತೆ ಹಳೆಯ ಜಾವಾದ ಲೆಕ್ಕವೇ. 2017ರ ಏಪ್ರಿಲ್ಲಿನಿಂದ ಭಾರತದಲ್ಲಿ ಹೊಸ ದ್ವಿಚಕ್ರಗಳ ಹೆಡ್‌ಲೈಟು ಹಗಲಲ್ಲಿಯೂ ಉರಿಯುತ್ತಿರಬೇಕೆಂಬ ನಿಯಮ ಬಂದಾಗ ಈ ಮಿಗತೆಯ ಒಂದು ದೊಡ್ಡ ಪಾಲು ಕಾನೂನಿಗೆ ಸಂದಾಯವಾಯಿತು. ಎಲ್‌ಇಡಿ ದೀಪಗಳು ಬಂದು ಅದನ್ನು ಮರಳಿ ತಂದುಕೊಟ್ಟುವು.

ಇದರ ನಡುವೆ ಸಾಕೆಟ್ಟಿನ ಆಕಾರವೇ ಬದಲಾಯಿತು. ಗಣಕಗಳಿಗೆ ಉಪಾಂಗಗಳನ್ನು ಜೋಡಿಸಲೆಂದು 1996ರಲ್ಲಿ ಬಂದ ಯುಎಸ್‌ಬಿ ಎಂಬ ಚಪ್ಪಟೆ ಕಿಂಡಿ (ಅದರ ರೂಪಣೆಯಲ್ಲಿ ಗುಜರಾತಿನ ಮೂಲದ ಅಜಯ್ ಭಟ್ ಎಂಬ ಎಂಜಿನಿಯರು ಪ್ರಮುಖನಾಗಿದ್ದನು) ಮೊಬೈಲುಗಳ ದೆಸೆಯಿಂದ ಲೋಕದ ಸಾಮಾನ್ಯ ಚಾರ್ಜಿನ ಬಾಯಾಯಿತು. ಗಾಡಿಯ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಚಿಕ್ಕ ಸರ್ಕೀಟು ಅದರ ಬೆನ್ನಿಗಿರುತ್ತದೆ. ದಾರಿ ತೋರಿಸುವ ಪ್ರತ್ಯೇಕ ಯಂತ್ರದ ಕೆಲಸವನ್ನೂ ಮೊಬೈಲೇ ವಹಿಸಿಕೊಂಡ ಮೇಲೆ ಸಿಗರೇಟಿನ ಬಿಲಕ್ಕೆ ಬೇಡಿಕೆ ತಗ್ಗಿತು. ರಾಯಲ್ ಎನ್‌ಫೀಲ್ಡಿನವರು 2020ರ ನವೆಂಬರಿನಲ್ಲಿ ‘ಮೀಟಿಯರ್ 350’ ಗಾಡಿಯನ್ನು ಹೊರತಂದಾಗ ಯುಎಸ್‌ಬಿ ಕಿಂಡಿ ಕಾರ್ಖಾನೆಯಿಂದಲೇ ಬಂದಿತು, ಬಿಡಲ್ಪಟ್ಟದ್ದು ಕಿಕ್ಕರು. ಒಮ್ಮೆ ಇಡೀ ಬುಲೆಟ್ ಪರಂಪರೆಯ ಗುರುತಾಗಿದ್ದ ಕಿಕ್ಕರು ಹೋದ ಮೇಲೆ, ಬ್ಯಾಟರಿ ಬರಿದಾದವನಿಗೆ ತಳ್ಳುವುದೊಂದೇ ಗತಿ.

ಈಗ ಬೆಂಗಳೂರಿನಲ್ಲಿ ಗಾಡಿಯ ಸಾಕೆಟ್ಟನ್ನು ಅತಿಯಾಗಿ ಬಳಸುವವನು ಪ್ರವಾಸಿಯಲ್ಲ, ಮನೆಮನೆಗೆ ಊಟವನ್ನೂ ದಿನಸಿಯನ್ನೂ ಮುಟ್ಟಿಸುವ ಹುಡುಗ. ಅವನ ಗಾಡಿ 100 ಅಥವಾ 125 ಸಿಸಿಯದು. ಮೊಬೈಲು ಹ್ಯಾಂಡಲ್ಲಿನ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ದಾರಿ ತೋರಿಸುತ್ತ, ಮುಂದಿನ ಆರ್ಡರನ್ನು ಕೂಗುತ್ತ ಉರಿಯುತ್ತಲೇ ಇರಬೇಕು. ಅದು ಸತ್ತರೆ ಆ ದಿನದ ಕೂಲಿಯೂ ಸತ್ತಿತು. ಹೋಟೆಲಿನ ಮುಂದೆ ಪಾರ್ಸಲ್ಲಿಗೆ ಕಾಯುವಾಗ ಪೆಟ್ರೋಲು ಉಳಿಸಲು ಎಂಜಿನ್ನು ನಿಲ್ಲಿಸಿ, ಚಾರ್ಜು ನಿಲ್ಲದಿರಲೆಂದು ಕೀಲಿಯನ್ನು ಮಾತ್ರ ಆನ್ ಬಿಟ್ಟು ಕುಳಿತರೆ, ಮೊಬೈಲು ಆ ಸಣ್ಣ ಬ್ಯಾಟರಿಯನ್ನು ಹಿಂಡುತ್ತದೆ. ಮರುದಿನ ಸ್ಟಾರ್ಟರಿನ ಗುಂಡಿಯೊತ್ತಿದರೆ ರಿಲೇ ಟಿಕಟಿಕ ಎನ್ನುತ್ತದೆ, ಎಂಜಿನ್ನು ಅಲುಗದು. ಇಂಥ ಗಾಡಿಗಳು ದಿನವೂ ಬಾಗಿಲಿಗೆ ಬರುವುದನ್ನು ಕಂಡ ಎಲೆಕ್ಟ್ರಿಷಿಯನ್ನರು ಈಚೆಗೆ ಬೇರೊಂದು ಬಗೆಯ ರಿಲೇಯನ್ನು ಹಾಕತೊಡಗಿದ್ದಾರೆ. ಬ್ಯಾಟರಿಯ ವೋಲ್ಟೇಜು 13ನ್ನು ದಾಟಿದಾಗ, ಅಂದರೆ ಆಲ್ಟರ್ನೇಟರು ನಿಜವಾಗಿ ಓಡುತ್ತಿರುವಾಗ ಮಾತ್ರ, ಅದು ಸಾಕೆಟ್ಟಿಗೆ ವಿದ್ಯುತ್ತನ್ನು ಬಿಡುತ್ತದೆ.